ಅಪ್ಪಯ್ಯನ ಮೈ ಓಲಾಡುತ್ತಿದೆ, ಮನಸ್ಸಿನ ಗುಳಿಗೆ ನಿಲ್ಲಿಸಲೇ?

ಪ್ರಶ್ನೆ: ನಾವು ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ಬೆಳೆಗಾರರು. ಅಪ್ಪಯ್ಯನಿಗೆ 68 ವರ್ಷ, ಎಂಟು ವರ್ಷಗಳಿಂದ ಪಾರ್ಕಿನ್ಸನ್ ಕಾಯಿಲೆ. ಲೆವೊಡೋಪ–ಕಾರ್ಬಿಡೋಪ ದಿನಕ್ಕೆ ನಾಲ್ಕು ಬಾರಿ, ರಸಜಿಲಿನ್ ಬೆಳಗ್ಗೆ ಒಂದು, ಟ್ರೈಹೆಕ್ಸಿಫೆನಿಡಿಲ್ ಎರಡು ಬಾರಿ ತೆಗೆದುಕೊಳ್ಳುತ್ತಾರೆ. ಕಳೆದ ವರ್ಷ ಅಮ್ಮ ತೀರಿಕೊಂಡ ಮೇಲೆ ಊಟ, ಮಾತು ಎರಡೂ ಕಡಿಮೆಯಾದವು. ಆಗ ಎಸ್‌ಸಿಟಲೊಪ್ರಾಮ್ ಗುಳಿಗೆ ಬರೆದುಕೊಟ್ಟರು. ಅದರಿಂದ ಸ್ವಲ್ಪ ಗೆಲುವಾಗಿದ್ದಾರೆ. ಆದರೆ ಈಚೆಗೆ ಪಾರ್ಕಿನ್ಸನ್ ಗುಳಿಗೆ ನುಂಗಿ ಒಂದು ಗಂಟೆಯಾಗುತ್ತಿದ್ದಂತೆ ಕುತ್ತಿಗೆ, ಭುಜ, ಸೊಂಟ ಎಲ್ಲವೂ ತಾವಾಗಿಯೇ ಓಲಾಡತೊಡಗುತ್ತವೆ. ಸಂಜೆ ಹೊತ್ತು ತೋಟದ ಅಂಚಿನಲ್ಲಿ ಮಕ್ಕಳು ಕೂತಿದ್ದಾರೆ ಎಂದು ತೋರಿಸುತ್ತಾರೆ. ಅಲ್ಲಿ ಯಾರೂ ಇರುವುದಿಲ್ಲ. ಸೆರೊಟೋನಿನ್ ಹೆಚ್ಚಿಸುವ ಔಷಧಗಳಿಂದ ಚಲನೆಯ ತೊಂದರೆ ಬರುತ್ತದೆ ಎಂದು ಮೊಬೈಲಿನಲ್ಲಿ ಓದಿದೆ. ಮನಸ್ಸಿನ ಗುಳಿಗೆಯನ್ನು ನಿಲ್ಲಿಸಿಬಿಡಲೇ? ಭಾವ ನಸುಗುನ್ನಿ ಬೀಜದ ಪುಡಿ ಕೊಡಿ ಎನ್ನುತ್ತಿದ್ದಾರೆ. ಕೊಡಬಹುದೇ?

ಉತ್ತರ: ಮೊದಲು ಇವತ್ತು ರಾತ್ರಿಯ ಮಾತು ಹೇಳುತ್ತೇನೆ. ಎಸ್‌ಸಿಟಲೊಪ್ರಾಮ್ ಗುಳಿಗೆಯನ್ನು ನೀವಾಗಿ ನಿಲ್ಲಿಸಬೇಡಿ. ಓಲಾಟ ಯಾವ ಹೊತ್ತಿಗೆ ಬರುತ್ತದೆ ಎಂದು ನೀವು ಗಮನಿಸಿ ಬರೆದಿದ್ದೀರಿ, ಅದರಿಂದ ನನಗೆ ಅರ್ಧ ಕೆಲಸ ಮುಗಿದಂತಾಯಿತು. ರಕ್ತದಲ್ಲಿರುವ ಎಸ್‌ಸಿಟಲೊಪ್ರಾಮ್ ಅರ್ಧಕ್ಕೆ ಇಳಿಯಲು ಸುಮಾರು 30 ಗಂಟೆ ಬೇಕು. ಲೆವೊಡೋಪಕ್ಕೆ ಒಂದೂವರೆ ಗಂಟೆ ಸಾಕು. ಗುಳಿಗೆಯ ಬೆನ್ನಿಗೇ ಏರಿ, ಮತ್ತೆ ಇಳಿಯುವ ಓಲಾಟವನ್ನು ದಿನವಿಡೀ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುವ ಔಷಧದ ತಲೆಗೆ ಕಟ್ಟಲಾಗದು. ಅದು ಲೆವೊಡೋಪ ಗುಳಿಗೆಯ ಓಲಾಟ. ನಾವು ವೈದ್ಯರು ಅದನ್ನು ಡಿಸ್ಕೈನೇಸಿಯಾ ಎನ್ನುತ್ತೇವೆ. ಲೆವೊಡೋಪವನ್ನು ಹಲವು ವರ್ಷ ತೆಗೆದುಕೊಂಡವರಲ್ಲಿ ಇದು ಸಾಮಾನ್ಯ.

ಹಾಗೆಂದು ನಿಮ್ಮ ಅನುಮಾನ ಪೂರ್ತಿ ಸುಳ್ಳೂ ಅಲ್ಲ. ನರಕೋಶಗಳ ನಡುವೆ ಸಂದೇಶ ಒಯ್ಯುವ ರಾಸಾಯನಿಕಗಳಲ್ಲಿ ಸೆರೊಟೋನಿನ್ ಒಂದು. ಈ ಓಲಾಟದಲ್ಲಿ ಅದರ ಕೈ ಇದೆ. ಆದರೆ ಗುಳಿಗೆಯಿಂದ ಬಂದ ಸೆರೊಟೋನಿನ್ನಿನದಲ್ಲ, ನಿಮ್ಮ ತಂದೆಯವರ ಮಿದುಳಿನಲ್ಲಿ ಮೊದಲಿನಿಂದಲೂ ಇರುವ ಸೆರೊಟೋನಿನ್ ನರಕೋಶಗಳದು. ಈ ವ್ಯತ್ಯಾಸ ಮನೆಮಂದಿಗೆ ಸರಿಯಾಗಿ ತಿಳಿದರೆ ಮುಂದಿನ ಹತ್ತು ವರ್ಷ ಔಷಧ ನಡೆಸಿಕೊಂಡು ಹೋಗುವುದು ಬಹಳ ಸುಲಭವಾಗುತ್ತದೆ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಮಕ್ಕಳು ಕಾಣುವ ವಿಷಯಕ್ಕೂ ಬರುತ್ತೇನೆ. ಓಲಾಟಕ್ಕಿಂತ ಅದೇ ಹೆಚ್ಚು ತುರ್ತಿನದು, ಈ ವಾರವೇ ಅವರನ್ನು ವೈದ್ಯರಿಗೆ ತೋರಿಸಿ.

ಪಾರ್ಕಿನ್ಸನ್ ಎಂದರೆ ಡೋಪಮೈನ್ ಎಂಬ ಇನ್ನೊಂದು ಸಂದೇಶ ರಾಸಾಯನಿಕದ ಕೊರತೆ ಎಂದು ನೀವು ಕೇಳಿರುತ್ತೀರಿ. ಆ ಅರಿವು ಬಂದ ದಾರಿ ನಮ್ಮ ಘಟ್ಟದ ಕಾಡಿನಲ್ಲಿ ಬೆಳೆಯುವ ಒಂದು ಗಿಡವನ್ನು ಹಾದು ಬಂದಿದೆ. ಸರ್ಪಗಂಧ ನಿಮಗೆ ಗೊತ್ತಿರಬೇಕು. ಅದರ ಬೇರು ಏರಿದ ರಕ್ತದೊತ್ತಡವನ್ನೂ ಕೆರಳಿದ ಮನಸ್ಸನ್ನೂ ಇಳಿಸುತ್ತದೆ ಎಂದು ಕೊಲ್ಕತ್ತದ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ 1931ರಲ್ಲಿ ಬರೆದರು. 1952ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಆ ಬೇರಿನಿಂದ ರಿಸರ್ಪಿನ್ ಎಂಬ ಔಷಧವನ್ನು ಬೇರ್ಪಡಿಸಿದರು. ಅದನ್ನು ಕೊಟ್ಟ ಮೊಲಗಳು ಅಲುಗಾಡದೆ ಕುಸಿದು ಕೂರುತ್ತಿದ್ದವು. ಅವುಗಳ ಮಿದುಳಿನಲ್ಲಿ ಸೆರೊಟೋನಿನ್ ಬರಿದಾಗುತ್ತದೆ ಎಂದು 1955ರಲ್ಲಿ ಅಮೆರಿಕದ ವಿಜ್ಞಾನಿಗಳು ತೋರಿಸಿದಾಗ, ಚಲನೆ ನಿಂತದ್ದಕ್ಕೆ ಸೆರೊಟೋನಿನ್ ಕೊರತೆಯೇ ಕಾರಣವಿರಬೇಕು ಎಂಬ ಊಹೆ ಬಲವಾಯಿತು. ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ 1957ರಲ್ಲಿ ಅದನ್ನು ಪರೀಕ್ಷಿಸಿ ನೋಡಿದರು. ಮಿದುಳಿನಲ್ಲಿ ಸೆರೊಟೋನಿನ್ ಆಗುವ ಕಚ್ಚಾವಸ್ತುವನ್ನು ಚುಚ್ಚಿದರೆ ಮೊಲಗಳು ಏಳಲಿಲ್ಲ. ಡೋಪಮೈನ್ ಆಗುವ ಕಚ್ಚಾವಸ್ತುವನ್ನು, ಅಂದರೆ ಡೋಪವನ್ನು ಚುಚ್ಚಿದರೆ ಎದ್ದು ಓಡಾಡಿದವು. ಆ ಸಾಲಿನ ಸಂಶೋಧನೆಗಾಗಿ ಅವರಿಗೆ 2000ದಲ್ಲಿ ನೊಬೆಲ್ ಬಂತು. ನಿಮ್ಮ ತಂದೆಯವರು ದಿನಕ್ಕೆ ನಾಲ್ಕು ಬಾರಿ ನುಂಗುವ ಗುಳಿಗೆಯ ಮೂಲ ಇದೇ ಪ್ರಯೋಗ.

ಆದರೆ ಅಲ್ಲಿಂದ ಮುಂದೆ ಚಲನೆಯ ವಿಷಯದಲ್ಲಿ ಸೆರೊಟೋನಿನ್ ಹಿಂದಿನ ಬೆಂಚಿಗೆ ಹೋಯಿತು. ಅದು ಮನಸ್ಸಿಗೆ, ನಿದ್ದೆಗೆ, ಹೊಟ್ಟೆಗೆ ಸಂಬಂಧಿಸಿದ್ದು, ಚಲನೆಗೇನಿದ್ದರೂ ಡೋಪಮೈನ್ ಎಂಬ ಹಂಚಿಕೆ ನಮ್ಮ ಪಠ್ಯಗಳಲ್ಲೂ ಗಟ್ಟಿಯಾಯಿತು. ನಾನು ಓದುವಾಗಲೂ ಹಾಗೆಯೇ ಕಲಿತೆ. ರೋಗಿಗಳನ್ನು ನೋಡುತ್ತ ನೋಡುತ್ತ ಈ ಹಂಚಿಕೆ ಸರಿಯಲ್ಲ ಎಂಬುದು ನನಗೆ ಮನದಟ್ಟಾಗಿದೆ.

ಮಿದುಳಿನ ಕಾಂಡದ ನಟ್ಟನಡುವೆ, ಹೊಲಿಗೆಯ ಗೆರೆಯಂತೆ ಮೇಲಿಂದ ಕೆಳಗೆ ಸಾಗುವ ರೇಫೆ ಎಂಬ ಗಂಟುಗಳಿವೆ. ಮಿದುಳಿನ ಒಟ್ಟು ನರಕೋಶಗಳು ಸುಮಾರು 8,600 ಕೋಟಿಯಾದರೆ, ಈ ಗಂಟುಗಳಲ್ಲಿರುವ ಸೆರೊಟೋನಿನ್ ನರಕೋಶಗಳು ಕೆಲವೇ ಲಕ್ಷ. ಅಷ್ಟೇ ಇದ್ದರೂ ಅವುಗಳ ಎಳೆಗಳು ಹೋಗದ ಜಾಗವಿಲ್ಲ. ನಡೆಯಲು, ತಿರುಗಲು, ಲೋಟ ಎತ್ತಲು ಯಾವ ಸ್ನಾಯು ಈಗ ಬಿಗಿಯಬೇಕು, ಯಾವುದು ಸುಮ್ಮನಿರಬೇಕು ಎಂಬುದನ್ನು ಆರಿಸಿಕೊಡುವ ಕೇಂದ್ರಗಳು ಮಿದುಳಿನ ಒಳಭಾಗದಲ್ಲಿವೆ. ಅವುಗಳಲ್ಲಿ ದೊಡ್ಡದು ಸ್ಟ್ರಯೇಟಮ್. ಡೋಪಮೈನ್ ಬಂದು ಬೀಳುವುದು ಅಲ್ಲಿಗೇ. ರೇಫೆಯ ಎಳೆಗಳೂ ಅಲ್ಲಿಗೆ ಧಾರಾಳವಾಗಿ ಬರುತ್ತವೆ.

ಬಂದ ಸೆರೊಟೋನಿನ್ ಏನು ಮಾಡುತ್ತದೆ ಎಂಬುದು ಅದನ್ನು ಹಿಡಿಯುವ ಗ್ರಾಹಕದ ಮೇಲೆ ನಿಂತಿದೆ. ಗ್ರಾಹಕ ಎಂದರೆ ಇಲ್ಲಿ ಅಂಗಡಿಗೆ ಬರುವ ಗಿರಾಕಿ ಎಂದು ತಿಳಿಯಬೇಡಿ. ಕೋಶದ ಹೊರಮೈಯಲ್ಲಿ ಕೂತು ರಾಸಾಯನಿಕ ಸಂದೇಶವನ್ನು ಗ್ರಹಿಸುವ ಪ್ರೋಟೀನು. ಡೋಪಮೈನ್‌ಗೆ ಐದು ಬಗೆಯ ಗ್ರಾಹಕಗಳಿದ್ದರೆ ಸೆರೊಟೋನಿನ್‌ಗೆ ಏಳು ಕುಟುಂಬಗಳಲ್ಲಿ 14 ಬಗೆಗಳಿವೆ. ಅವುಗಳ ಹೆಸರೆಲ್ಲ 5-ಎಚ್‌ಟಿ ಎಂದು ಶುರುವಾಗುತ್ತವೆ. ಒಂದು ಬಗೆ ಕೋಶವನ್ನು ಎಬ್ಬಿಸಿದರೆ ಇನ್ನೊಂದು ತಣಿಸುತ್ತದೆ. ಹೀಗಾಗಿ ‘ಸೆರೊಟೋನಿನ್ ಹೆಚ್ಚಾದರೆ ಚಲನೆ ಕೆಡುತ್ತದೆ’ ಎಂಬ ಒಂದು ಸಾಲಿನ ಮಾತು ನಿಲ್ಲುವುದಿಲ್ಲ. ಯಾವ ಗ್ರಾಹಕ, ಯಾವ ಜಾಗ ಎಂದು ಕೇಳಲೇಬೇಕು. ಹದಿನಾಲ್ಕನ್ನೂ ಹೇಳಿ ನಿಮಗೆ ಬೇಸರ ತರುವುದಿಲ್ಲ. ನಿಮ್ಮ ಮನೆಯ ಕಷ್ಟಕ್ಕೆ ಸಂಬಂಧಿಸಿದವಷ್ಟನ್ನು ನೋಡೋಣ.

ಓಲಾಟ ಹೇಗೆ ಹುಟ್ಟುತ್ತದೆ? ಕೆರೆಯ ನೀರನ್ನು ತೋಟಕ್ಕೆ ಬಿಡುವುದನ್ನು ನೆನಪಿಸಿಕೊಳ್ಳಿ. ತೂಬಿನ ಬಳಿ ನೀರುಗಂಟಿ ಇರುತ್ತಾನೆ. ಬೇಕಾದಷ್ಟು ಎತ್ತುತ್ತಾನೆ, ಸಾಕಾದಾಗ ಇಳಿಸುತ್ತಾನೆ, ತೋಟ ನೆನೆದಿದೆಯೇ ಎಂದು ನೋಡುತ್ತಿರುತ್ತಾನೆ. ಡೋಪಮೈನ್ ನರದ ತುದಿ ಹೀಗೆ ಕೆಲಸ ಮಾಡುತ್ತದೆ. ತಾನು ಬಿಟ್ಟ ಡೋಪಮೈನ್ ಎಷ್ಟಾಯಿತು ಎಂದು ಅಳೆಯುವ ಗ್ರಾಹಕ ಅದರ ಮೈಮೇಲೆಯೇ ಇದೆ. ಹೆಚ್ಚಾದುದನ್ನು ಒಳಗೆ ಎಳೆದುಕೊಳ್ಳುವ ಪಂಪೂ ಇದೆ. ಪಾರ್ಕಿನ್ಸನ್‌ನಲ್ಲಿ ಸಾಯುವುದು ಈ ನರಗಳೇ, ಅಂದರೆ ನೀರಿನ ಜೊತೆಗೆ ನೀರುಗಂಟಿಯೂ ಹೋಗುತ್ತಾನೆ.

ಈಗ ಲೆವೊಡೋಪ ಗುಳಿಗೆ ಕೊಡುತ್ತೇವೆ. ಅದು ಡೋಪಮೈನ್ ಆಗಿ ಬದಲಾಗಲು ಒಂದು ಕಿಣ್ವ ಬೇಕು, ಆದ ಡೋಪಮೈನನ್ನು ಚೀಲಗಳಲ್ಲಿ ತುಂಬಿಡುವ ಏರ್ಪಾಡು ಬೇಕು. ಉಳಿದ ಡೋಪಮೈನ್ ನರಗಳಲ್ಲಿ ಇವೆರಡೂ ಇವೆ. ಪಕ್ಕದಲ್ಲಿರುವ ಸೆರೊಟೋನಿನ್ ನರಗಳಲ್ಲಿಯೂ ಇವೆರಡೂ ಇವೆ, ಏಕೆಂದರೆ ಸೆರೊಟೋನಿನ್ ತಯಾರಾಗುವುದೂ ಅದೇ ಕಿಣ್ವದಿಂದ, ಅದನ್ನು ತುಂಬುವುದೂ ಅದೇ ಬಗೆಯ ಚೀಲಕ್ಕೆ. ಆದ್ದರಿಂದ ಸೆರೊಟೋನಿನ್ ನರ ಲೆವೊಡೋಪವನ್ನು ಒಳಗೆ ಎಳೆದುಕೊಂಡು, ಡೋಪಮೈನ್ ಮಾಡಿ, ತನ್ನ ತುದಿಯಿಂದ ಬಿಡುತ್ತದೆ. ಮನೆಯ ಯಜಮಾನ ಹೋದ ಮೇಲೆ ದಾಯಾದಿ ಬಂದು ತೋಟ ನೋಡಿಕೊಂಡಂತೆ. ಆ ಉಪಕಾರವನ್ನು ಮರೆಯಬಾರದು. ಕಾಯಿಲೆ ಮುಂದುವರಿದ ಮೇಲೂ ಗುಳಿಗೆ ಕೆಲಸ ಮಾಡುವುದರಲ್ಲಿ ಈ ನರಗಳ ಪಾಲೂ ಇದೆ.

ತೊಂದರೆ ಎಂದರೆ, ಈ ನರದ ಮೇಲೆ ಡೋಪಮೈನನ್ನು ಅಳೆಯುವ ಗ್ರಾಹಕವಿಲ್ಲ, ಮರಳಿ ಎಳೆದುಕೊಳ್ಳುವ ಸರಿಯಾದ ಪಂಪೂ ಇಲ್ಲ. ಮನೆಯ ಹಿಂದೆ ಗುಡ್ಡದಿಂದ ಬರುವ ಅಬ್ಬಿ ನೀರಿನ ಹಾಗೆ ಇದು. ಮೇಲೆ ಮಳೆ ಹೊಯ್ದರೆ ದಬ್ಬೆ ತುಂಬಿ ಅಂಗಳಕ್ಕೆ ಚೆಲ್ಲುತ್ತದೆ, ಮಳೆ ನಿಂತರೆ ಹನಿ ಇಲ್ಲ. ಗುಳಿಗೆ ನುಂಗಿ ಒಂದು ಗಂಟೆಗೆ ರಕ್ತದಲ್ಲಿ ಲೆವೊಡೋಪ ಏರಿದಾಗ ಸ್ಟ್ರಯೇಟಮ್‌ನಲ್ಲಿ ಡೋಪಮೈನ್ ಹೊನಲು, ಮೈ ಓಲಾಡುತ್ತದೆ. ಮೂರು ಗಂಟೆಗೆ ಒಣಗಿ ಹೋಗಿ ಮೈ ಕಟ್ಟಿಹಾಕಿದಂತಾಗುತ್ತದೆ. ಮೊದಲ ಕೆಲವು ವರ್ಷ ಓಲಾಟವಿಲ್ಲದೆ ಈಗ ಬಂದಿರುವುದೂ ಇದರಿಂದಲೇ ಅರ್ಥವಾಗುತ್ತದೆ. ಆಗ ಇನ್ನೂ ಸಾಕಷ್ಟು ಜನ ನೀರುಗಂಟಿಗಳಿದ್ದರು.

ಇದು ಕೇವಲ ಊಹೆಯಲ್ಲ. ಪಾರ್ಕಿನ್ಸನ್ ಬರಿಸಿದ ಇಲಿಗಳಲ್ಲಿ ಸೆರೊಟೋನಿನ್ ನರಗಳನ್ನು ನಾಶ ಮಾಡಿದರೆ ಲೆವೊಡೋಪ ಕೊಟ್ಟರೂ ಓಲಾಟ ಬರುವುದಿಲ್ಲ ಎಂದು 2007ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿತು. ನಾಶ ಮಾಡದೆ, ಆ ನರಗಳ ಮೇಲಿರುವ 5-ಎಚ್‌ಟಿ-1ಎ ಮತ್ತು 5-ಎಚ್‌ಟಿ-1ಬಿ ಗ್ರಾಹಕಗಳನ್ನು ಔಷಧದಿಂದ ಒತ್ತಿದರೂ ಓಲಾಟ ಅಡಗಿತು. ಈ ಎರಡೂ ಸೆರೊಟೋನಿನ್ ನರದ ಸ್ವಂತ ಬ್ರೇಕುಗಳು. ಒತ್ತಿದರೆ ಅದು ಸೆರೊಟೋನಿನ್ ಬಿಡುವುದನ್ನೂ ನಿಲ್ಲಿಸುತ್ತದೆ, ಒಳಗೆ ತುಂಬಿಕೊಂಡ ಡೋಪಮೈನ್ ಬಿಡುವುದನ್ನೂ ನಿಲ್ಲಿಸುತ್ತದೆ. 2014ರಲ್ಲಿ ಲಂಡನ್ನಿನ ತಂಡವೊಂದು ರೋಗಿಗಳ ಮಿದುಳಿನ ಸ್ಕ್ಯಾನ್ ಮಾಡಿ, 5-ಎಚ್‌ಟಿ-1ಎ ಮೇಲೆ ಕೆಲಸ ಮಾಡುವ ಬಸ್ಪಿರೋನ್ ಎಂಬ ಹಳೆಯ ಔಷಧವನ್ನು ಮೊದಲೇ ಕೊಟ್ಟರೆ ಲೆವೊಡೋಪದಿಂದ ಡೋಪಮೈನ್ ಉಕ್ಕುವುದು ಕಡಿಮೆಯಾಗುತ್ತದೆ ಎಂದು ಕಂಡುಕೊಂಡಿತು.

ಹಾಗಾದರೆ ಆ ಬ್ರೇಕು ಒತ್ತುವ ಗುಳಿಗೆಯನ್ನೇ ಎಲ್ಲರಿಗೂ ಕೊಡಬಾರದೇಕೆ? ಸಾರಿಜೋಟಾನ್ ಎಂಬ ಔಷಧದಿಂದ ಈ ಪ್ರಯತ್ನ ನಡೆಯಿತು. ದೊಡ್ಡ ಪರೀಕ್ಷೆಗಳಲ್ಲಿ ಅದು ಗೆಲ್ಲಲಿಲ್ಲ, ಪ್ರಮಾಣ ಏರಿಸಿದಾಗ ಪಾರ್ಕಿನ್ಸನ್ ಲಕ್ಷಣಗಳೇ ಹೆಚ್ಚಾದವು. ಅಬ್ಬಿ ನೀರು ಅಂಗಳಕ್ಕೆ ಚೆಲ್ಲುತ್ತದೆ ಎಂದು ದಬ್ಬೆಯನ್ನೇ ಕಿತ್ತರೆ ಅಡುಗೆಮನೆಗೂ ನೀರಿಲ್ಲದಂತಾಗುತ್ತದೆ. ಸದ್ಯಕ್ಕೆ ನಮ್ಮ ಕೈಯಲ್ಲಿರುವ ಉಪಾಯ ಬೇರೆ: ಒಂದೇ ಬಾರಿಗೆ ಹೊಯ್ಯುವ ಬದಲು ಸ್ವಲ್ಪ ಸ್ವಲ್ಪವಾಗಿ ಬಿಡುವುದು. ನಾಲ್ಕು ಬಾರಿಯ ಗುಳಿಗೆಯನ್ನು ಒಟ್ಟು ಪ್ರಮಾಣ ಅಷ್ಟೇ ಇರಿಸಿ ಐದಾರು ಚಿಕ್ಕ ಪಾಲು ಮಾಡುವುದು, ಬೇಕಾದರೆ ಓಲಾಟ ತಗ್ಗಿಸುವ ಅಮಂಟಡಿನ್ ಎಂಬ ಔಷಧ ಸೇರಿಸುವುದು. ಎರಡೂ ನಿಮ್ಮ ವೈದ್ಯರು ಮಾಡಬೇಕಾದ ನಿರ್ಧಾರ. ಅಮಂಟಡಿನ್‌ನಿಂದ ಇಲ್ಲದ್ದು ಕಾಣುವುದು ಹೆಚ್ಚಾಗಬಹುದು, ಆದ್ದರಿಂದ ನಿಮ್ಮ ತಂದೆಯವರಿಗೆ ಈಗಲೇ ಅದನ್ನು ಕೊಡಲು ನಾನಾದರೆ ಹಿಂಜರಿಯುತ್ತೇನೆ.

ಇನ್ನೊಂದು ಮಾತನ್ನೂ ಕೇಳಿ ತಿಳಿಯಿರಿ: ಆ ಓಲಾಟದಿಂದ ಅವರಿಗೆ ಕಷ್ಟವಾಗುತ್ತಿದೆಯೇ? ನೋಡುವವರಿಗೆ ಸಂಕಟ, ಅನುಭವಿಸುವವರಿಗೆ ಬಿಡುಗಡೆ ಎನ್ನುವಂಥ ಓಲಾಟವೂ ಇದೆ. ಸಾಗರದ ಕಡೆಯ ಹಿರಿಯರೊಬ್ಬರು ಭುಜ ಕುಣಿಸುತ್ತಲೇ ನನ್ನೆದುರು ಕೂತು, “ಡಾಕ್ಟರೇ, ಈ ಹೊತ್ತಿನಲ್ಲೇ ನಾನು ತೋಟಕ್ಕೆ ಇಳಿಯುವುದು, ಇದನ್ನು ನಿಲ್ಲಿಸಬೇಡಿ” ಎಂದಿದ್ದರು. ಅವರ ಮಗ ಬಂದಿದ್ದು ಅದನ್ನು ನಿಲ್ಲಿಸಿಕೊಂಡು ಹೋಗಲು. ನಾನು ತಂದೆಯ ಮಾತನ್ನೇ ಹಿಡಿದೆ.

ಈಗ ಎಸ್‌ಸಿಟಲೊಪ್ರಾಮ್ ವಿಷಯ. ಈ ಗುಂಪಿನ ಗುಳಿಗೆಗಳಿಂದ ನಡುಕ ಬರಬಹುದು ಎಂದು ನೀವು ಓದಿದ್ದು ಸುಳ್ಳಲ್ಲ. ಆದರೆ ಆ ನಡುಕದ ಚಹರೆ ಬೇರೆ, ಅದನ್ನು ನೀವೇ ಗುರುತಿಸಬಹುದು. ಕೋಣೆಯಲ್ಲಿ ನಾನು ಮಾಡುವುದು ಇಷ್ಟು: ರೋಗಿಯನ್ನು ಕುರ್ಚಿಯಲ್ಲಿ ಕೂರಿಸಿ, ಕೈಗಳನ್ನು ತೊಡೆಯ ಮೇಲೆ ಸಡಿಲವಾಗಿ ಬಿಡಿಸಿ, ನೂರರಿಂದ ಏಳು ಏಳು ಕಳೆಯುತ್ತ ಎಣಿಸಲು ಹೇಳುತ್ತೇನೆ. ಮನಸ್ಸು ಲೆಕ್ಕದ ಕಡೆ ತಿರುಗುತ್ತಲೇ ಹೆಬ್ಬೆರಳು ತೋರುಬೆರಳಿನ ಮೇಲೆ ಮಾತ್ರೆ ಉರುಳಿಸುವಂತೆ ಆಡತೊಡಗುತ್ತದೆ, ಸೆಕೆಂಡಿಗೆ ನಾಲ್ಕರಿಂದ ಆರು ಬಾರಿ. ಅದು ಪಾರ್ಕಿನ್ಸನ್ ನಡುಕ. ಆಮೇಲೆ ಮುಕ್ಕಾಲು ತುಂಬಿದ ನೀರಿನ ಲೋಟ ಕೊಡುತ್ತೇನೆ. ಕೈ ಚಾಚುವಾಗ ನಡುಕ ನಿಲ್ಲುತ್ತದೆ, ಲೋಟ ಹಿಡಿದು ಕೆಲವು ಸೆಕೆಂಡು ಕಳೆದ ಮೇಲೆ ಮತ್ತೆ ಮೆಲ್ಲಗೆ ತಲೆಯೆತ್ತುತ್ತದೆ. ಗುಳಿಗೆಯ ನಡುಕ ಹೀಗಲ್ಲ. ತೊಡೆಯ ಮೇಲೆ ಕೈ ಸುಮ್ಮನಿರುತ್ತದೆ. ಲೋಟ ಎತ್ತಿದ ಕ್ಷಣದಿಂದಲೇ ಸಣ್ಣಗೆ, ವೇಗವಾಗಿ ನಡುಗಿ ನೀರಿನ ಮೇಲೆ ಅಲೆ ಏಳುತ್ತದೆ. ಅದು ಕಂಡರೆ ವೈದ್ಯರಿಗೆ ಹೇಳಿ, ಪ್ರಮಾಣ ಇಳಿಸಬಹುದು. ಹಠಾತ್ತನೆ ನಿಲ್ಲಿಸಿದರೆ ತಲೆಸುತ್ತು, ಚಡಪಡಿಕೆ, ನಿದ್ದೆಗೆಡುವುದು ಶುರುವಾಗಿ, ಕಾಯಿಲೆಯೇ ಉಲ್ಬಣಿಸಿತು ಎಂದು ಮನೆಯವರು ಗಾಬರಿಯಾಗುತ್ತಾರೆ.

ಪಾರ್ಕಿನ್ಸನ್ ನಡುಕದಲ್ಲೂ ಸೆರೊಟೋನಿನ್ನಿನ ಪಾತ್ರವಿದೆ. ರೇಫೆಯಲ್ಲಿ 5-ಎಚ್‌ಟಿ-1ಎ ಗ್ರಾಹಕ ಕಡಿಮೆಯಾದಷ್ಟೂ ನಡುಕ ಹೆಚ್ಚು ಎಂದು 2003ರ ಸ್ಕ್ಯಾನ್ ಅಧ್ಯಯನದಲ್ಲಿ ಕಂಡಿತು. ಲೆವೊಡೋಪದಿಂದ ಮೈಯ ಬಿಗಿತ ಚೆನ್ನಾಗಿ ಸಡಿಲವಾದರೂ ನಡುಕ ಮಾತ್ರ ಹಟ ಹಿಡಿದು ಉಳಿಯುವ ರೋಗಿಗಳನ್ನು ಕಂಡಾಗ ನನಗೆ ಇದು ನೆನಪಾಗುತ್ತದೆ.

ನಿಮ್ಮ ತಂದೆಯವರು ಮಂಕಾದುದು ಅಮ್ಮನವರ ಅಗಲಿಕೆಯಿಂದ ಮಾತ್ರ ಎಂದು ನೀವು ತಿಳಿದಿರಬಹುದು. ದುಃಖ ಖಂಡಿತ ಇದೆ. ಆದರೆ ಪಾರ್ಕಿನ್ಸನ್ ಕಾಯಿಲೆ ಡೋಪಮೈನ್ ಕೇಂದ್ರವನ್ನು ಮುಟ್ಟುವ ಮೊದಲೇ ಮಿದುಳಿನ ಕಾಂಡದ ಕೆಳಭಾಗವನ್ನೂ ರೇಫೆಯನ್ನೂ ಮುಟ್ಟುತ್ತದೆ ಎಂದು ಜರ್ಮನಿಯ ಹೈಕೊ ಬ್ರಾಕ್ ಅವರ ತಂಡ 2003ರಲ್ಲಿ ಹೇಳಿತು. ಹಲವರಲ್ಲಿ ಕೈ ನಡುಗುವುದಕ್ಕೆ ವರ್ಷಗಳ ಮೊದಲೇ ಮಲಬದ್ಧತೆ, ವಾಸನೆ ತಿಳಿಯದಿರುವುದು, ನಿದ್ದೆಯಲ್ಲಿ ಕೈಕಾಲು ಬಡಿಯುವುದು, ಉತ್ಸಾಹ ಬತ್ತುವುದು ಕಾಣಿಸಿಕೊಳ್ಳುತ್ತವೆ. ನಮ್ಮ ಕಡೆ ಈ ಮಂಕನ್ನು ‘ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು’ ಎಂಬ ಮಾತಿನಿಂದ ತಳ್ಳಿಹಾಕುತ್ತಾರೆ. ಆ ಮಾತು ಕೇಳಿ ಕೇಳಿ ತಲೆ ತಗ್ಗಿಸಿ ಕೂತ ಎಷ್ಟೋ ಹಿರಿಯರನ್ನು ನೋಡಿದ್ದೇನೆ, ಹೊಟ್ಟೆಯುರಿಯುತ್ತದೆ. ಮೊಣಕಾಲು ಸವೆದವರಿಗೆ ಯಾರೂ ಹಾಗೆ ಹೇಳುವುದಿಲ್ಲ. ಅಪ್ಪಯ್ಯ ಆ ಗುಳಿಗೆಯಿಂದ ಗೆಲುವಾಗಿದ್ದಾರೆ ಎಂದು ನೀವೇ ಬರೆದಿದ್ದೀರಿ. ಅದನ್ನು ಕಳೆದುಕೊಳ್ಳಬೇಡಿ.

ಒಂದು ಎಚ್ಚರಿಕೆ ಮಾತ್ರ ಇದೆ. ರಸಜಿಲಿನ್ ಮತ್ತು ಎಸ್‌ಸಿಟಲೊಪ್ರಾಮ್ ಒಟ್ಟಿಗೆ ಇರುವಾಗ ಸೆರೊಟೋನಿನ್ ಮಿತಿಮೀರುವ ಅಪಾಯ ಅಪರೂಪವಾದರೂ ಇದೆ. ಇವೆರಡರ ಜೊತೆ ಮೂರನೆಯದು ಸೇರಿದಾಗ ಅದು ದೊಡ್ಡದಾಗುತ್ತದೆ. ಮೂರನೆಯದು ಎಂದರೆ ಸೊಂಟನೋವಿಗೆ ಕೊಡುವ ಟ್ರಮಡಾಲ್, ಒಣಕೆಮ್ಮಿನ ಸಿರಪ್ಪಿನಲ್ಲಿರುವ ಡೆಕ್ಸ್‌ಟ್ರೊಮೆಥಾರ್ಫಾನ್. ಮಳೆಗಾಲದಲ್ಲಿ ಕೆಮ್ಮು ಎಂದು ಔಷಧದ ಅಂಗಡಿಯಿಂದ ಸಿರಪ್ ತರುವುದು ನಮ್ಮಲ್ಲಿ ದಿನನಿತ್ಯದ ಸಂಗತಿ. ಬೇಡ. ಬೆವರು, ಜ್ವರ, ಭೇದಿ, ಚಡಪಡಿಕೆ ಒಟ್ಟಿಗೆ ಬಂದು ಕಾಲು ಅದುರತೊಡಗಿದರೆ ತಡಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ನಾವು ಆಗ ಪಾದವನ್ನು ಹಿಡಿದು ಥಟ್ಟನೆ ಮೇಲಕ್ಕೆ ಒತ್ತಿ ನೋಡುತ್ತೇವೆ. ಪಾದ ಒಂದೇ ಸಮನೆ ಹೊಲಿಗೆ ಯಂತ್ರದ ಪೆಡಲಿನಂತೆ ತಟತಟ ಬಡಿದರೆ ಬೆನ್ನುಹುರಿಯಲ್ಲಿ ಸೆರೊಟೋನಿನ್ ಉಕ್ಕಿದೆ ಎಂಬ ಬಲವಾದ ಸೂಚನೆ. ರೇಫೆಯ ಕೆಳಗಿನ ಗಂಟುಗಳಿಂದ ಬೆನ್ನುಹುರಿಗೆ ಇಳಿಯುವ ಎಳೆಗಳು ಅಲ್ಲಿಯ 5-ಎಚ್‌ಟಿ-2 ಗ್ರಾಹಕಗಳ ಮೂಲಕ ಸ್ನಾಯುಗಳನ್ನು ಆಳುವ ನರಕೋಶಗಳನ್ನು ಕೆರಳಿಸುತ್ತವೆ.

ಇನ್ನು ತೋಟದ ಅಂಚಿನ ಮಕ್ಕಳು. ಅಪ್ಪಯ್ಯನವರಿಗೆ ಅವರನ್ನು ಕಂಡು ಭಯವಾಗುತ್ತದೆಯೇ, ಇಲ್ಲವೇ ಎಂದು ನೀವು ಬರೆದಿಲ್ಲ. ಹೆಚ್ಚಿನವರಲ್ಲಿ ಮೊದಮೊದಲು ಭಯವಿರುವುದಿಲ್ಲ. ಮಕ್ಕಳು, ನಾಯಿ, ಬೆಕ್ಕು, ತೀರಿಕೊಂಡ ಹತ್ತಿರದವರು ಸುಮ್ಮನೆ ಬಂದು ಕೂತಿರುತ್ತಾರೆ. ಇದನ್ನು ಗಾಳಿ, ಸೋಂಕು ಎಂದು ತಿಳಿದು ತಾಯಿತದ ದಾರಿ ಹಿಡಿದು ತಿಂಗಳುಗಟ್ಟಲೆ ಕಳೆದವರಿದ್ದಾರೆ. ನನ್ನ ಮೊದಲ ಗುರಿ ಟ್ರೈಹೆಕ್ಸಿಫೆನಿಡಿಲ್. ಈ ವಯಸ್ಸಿನಲ್ಲಿ ಅದು ನೆನಪನ್ನು ಕದಡುತ್ತದೆ, ಇಲ್ಲದ್ದನ್ನು ತೋರಿಸುತ್ತದೆ. 65 ದಾಟಿದವರಿಗೆ ಅದನ್ನು ಮುಂದುವರಿಸುವುದು ನನಗೆ ಒಪ್ಪಿಗೆಯಿಲ್ಲ. ವೈದ್ಯರ ಮೇಲ್ವಿಚಾರಣೆಯಲ್ಲಿ ಹಂತ ಹಂತವಾಗಿ ಇಳಿಸಬೇಕು. ಮೂತ್ರದ ಸೋಂಕು, ಮಲಬದ್ಧತೆ, ನೀರು ಕಡಿಮೆ ಕುಡಿಯುವುದು, ಕಣ್ಣಿನ ಪೊರೆ ಇವನ್ನೂ ನೋಡಿಸಿ. ಮುಸ್ಸಂಜೆ ಜಗಲಿಯ ದೀಪ ಬೇಗ ಹಾಕಿ.

ಇಷ್ಟರಿಂದ ಹೋಗದಿದ್ದರೆ ಮತ್ತೆ ಸೆರೊಟೋನಿನ್ ಗ್ರಾಹಕದ ಬಳಿಗೇ ಬರಬೇಕು. ಹೀಗೆ ಇಲ್ಲದ್ದು ಕಾಣುವುದರಲ್ಲಿ 5-ಎಚ್‌ಟಿ-2ಎ ಗ್ರಾಹಕದ ಕೈವಾಡವಿದೆ. ಅದನ್ನು ಮಾತ್ರ ಶಾಂತಗೊಳಿಸಿ ಡೋಪಮೈನ್ ಗ್ರಾಹಕಗಳ ತಂಟೆಗೆ ಹೋಗದ ಪಿಮಾವನ್ಸೆರಿನ್ ಎಂಬ ಔಷಧಕ್ಕೆ ಅಮೆರಿಕದಲ್ಲಿ 2016ರಲ್ಲಿ ಅನುಮತಿ ಸಿಕ್ಕಿತು. ಗುಣ ಕಾಣಲು ಅದಕ್ಕೆ ಕೆಲವು ವಾರ ಬೇಕು. ನಾವು ಇಲ್ಲಿ ಹೆಚ್ಚಾಗಿ ಬಳಸುವುದು ಅತಿ ಚಿಕ್ಕ ಪ್ರಮಾಣದ ಕ್ವಿಟಿಯಾಪಿನ್ ಅಥವಾ ಕ್ಲೋಜಪಿನ್. ಕ್ಲೋಜಪಿನ್ ಕೊಟ್ಟರೆ ಬಿಳಿರಕ್ತಕಣಗಳ ಲೆಕ್ಕವನ್ನು ಮೊದಮೊದಲು ವಾರವಾರವೂ ಮಾಡಿಸಬೇಕು. ಹ್ಯಾಲೊಪೆರಿಡಾಲ್, ರಿಸ್ಪೆರಿಡೋನ್, ಓಲಾಂಜಪಿನ್ ಇವು ಡೋಪಮೈನ್ ಗ್ರಾಹಕವನ್ನು ಬಿಗಿಯಾಗಿ ಮುಚ್ಚುತ್ತವೆ. ಪಾರ್ಕಿನ್ಸನ್ ಇರುವವರಿಗೆ ಇವನ್ನು ಕೊಟ್ಟರೆ ಎರಡು ದಿನದಲ್ಲಿ ಹಾಸಿಗೆ ಹಿಡಿಯಬಹುದು. ಗಾಬರಿಯ ರಾತ್ರಿಯಲ್ಲಿ ಯಾವುದೋ ಆಸ್ಪತ್ರೆಗೆ ಓಡಿದಾಗ ಚುಚ್ಚುವ ಮೊದಲೇ ‘ಇವರಿಗೆ ಪಾರ್ಕಿನ್ಸನ್ ಇದೆ’ ಎಂದು ಹೇಳುವ ಹೊಣೆ ನಿಮ್ಮದು.

ಅದೇ ಕಾರಣಕ್ಕೆ ವಾಂತಿಯ ಮಾತ್ರೆ, ತಲೆಸುತ್ತಿನ ಮಾತ್ರೆಗಳ ಬಗ್ಗೆಯೂ ಹೇಳಬೇಕು. ವಾಂತಿಗೆ ಮೆಟೊಕ್ಲೋಪ್ರಮೈಡ್ ಬೇಡ. ಅದು ಮಿದುಳಿನೊಳಗೆ ಹೋಗಿ ಡೋಪಮೈನ್ ಗ್ರಾಹಕವನ್ನು ಮುಚ್ಚುತ್ತದೆ. 5-ಎಚ್‌ಟಿ-3 ಗ್ರಾಹಕದ ಮೇಲೆ ಕೆಲಸ ಮಾಡುವ ಒಂಡನ್ಸೆಟ್ರಾನ್, ಅಥವಾ ಮಿದುಳಿಗೆ ಅಷ್ಟಾಗಿ ಹೋಗದ ಡೊಂಪೆರಿಡೋನ್ ಆಗಬಹುದು. ಎರಡಕ್ಕೂ ಮೊದಲು ಹೃದಯದ ಇಸಿಜಿ ನೋಡಿಸಿಕೊಳ್ಳುವುದು ಒಳ್ಳೆಯದು, ಎಸ್‌ಸಿಟಲೊಪ್ರಾಮ್ ತೆಗೆದುಕೊಳ್ಳುವವರಿಗಂತೂ ಅಗತ್ಯ. ತಲೆಸುತ್ತಿಗೆ ಬರೆಯುವ ಸಿನ್ನರಿಜಿನ್, ಫ್ಲುನರಿಜಿನ್ ಇನ್ನೂ ಮೋಸದವು. ನನ್ನ ಸೋದರತ್ತೆ ಹೊಸನಗರದ ಕಡೆಯವರು. ತಲೆಸುತ್ತಿನ ಮಾತ್ರೆಯನ್ನು ಒಂದೂವರೆ ವರ್ಷ ನುಂಗಿದರು. ನಡಿಗೆ ನಿಧಾನವಾಯಿತು, ಮುಖದ ನಗು ಹೋಯಿತು. ಯಾರೋ ಪಾರ್ಕಿನ್ಸನ್ ಎಂದು ಲೆವೊಡೋಪವನ್ನೂ ಶುರುಮಾಡಿದರು. ದೀಪಾವಳಿಗೆ ಹೋದಾಗ ಅಡುಗೆಮನೆಯ ಗೂಡಿನಲ್ಲಿ ಆ ಮಾತ್ರೆಯ ಹಾಳೆಗಳನ್ನು ಕಂಡು ಎದೆ ಧಸಕ್ಕೆಂದಿತು. ಅದಕ್ಕೆ ಮೊದಲು ಎರಡು ಬಾರಿ ಅವರನ್ನು ನೋಡಿದ್ದೆ, ಏನೇನು ಮಾತ್ರೆ ನುಂಗುತ್ತೀರಿ ಎಂದು ಕೇಳಿರಲಿಲ್ಲ. ನಿಲ್ಲಿಸಿದ ಮೇಲೆ ಐದಾರು ತಿಂಗಳಲ್ಲಿ ಮತ್ತೆ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿದರು. ಆ ದಿನದಿಂದ ಮಾತ್ರೆಯ ಚೀಲವನ್ನು ಮೇಜಿನ ಮೇಲೆ ಸುರಿಸಿ ನೋಡದೆ ನಾನು ಯಾರಿಗೂ ಪಾರ್ಕಿನ್ಸನ್ ಎಂದು ಹೇಳಿಲ್ಲ.

ನಸುಗುನ್ನಿಗೆ ಬರೋಣ. ನಿಮ್ಮ ಭಾವನವರು ಹೇಳಿದ್ದರಲ್ಲಿ ಹುರುಳಿದೆ. ಆ ಬೀಜದಲ್ಲಿ ಲೆವೊಡೋಪವೇ ಇದೆ, ಒಣಬೀಜದ ತೂಕದಲ್ಲಿ ಸುಮಾರು ನೂರಕ್ಕೆ ಮೂರರಿಂದ ಆರು ಪಾಲು. ಲಂಡನ್ನಿನಲ್ಲಿ 2004ರಲ್ಲಿ ಎಂಟು ರೋಗಿಗಳ ಮೇಲೆ ಅಳತೆ ಗೊತ್ತಿರುವ ಪುಡಿಯನ್ನು ಪರೀಕ್ಷಿಸಿದಾಗ ಅದು ಗುಳಿಗೆಗಿಂತ ಬೇಗ ಕೆಲಸ ಶುರುಮಾಡಿತು. ನನಗೆ ಬೆರಗು ತರುವ ಸಂಗತಿ ಬೇರೊಂದಿದೆ. ಅದೇ ಕಾಯಿಯ ಹೊರಗಿನ ತುರಿಸುವ ರೋಮಗಳಲ್ಲಿ ಸೆರೊಟೋನಿನ್ ಇದೆ ಎಂದು 1954ರಲ್ಲೇ ಕಂಡುಕೊಂಡಿದ್ದಾರೆ. ತುರಿಕೆಗೆ ಮುಖ್ಯ ಕಾರಣ ಅದರ ಜೊತೆಗಿರುವ ಮ್ಯುಕುನೈನ್ ಎಂಬ ಕಿಣ್ವ. ಒಳಗೆ ಡೋಪ, ಹೊರಗೆ ಸೆರೊಟೋನಿನ್! ಚಿಕ್ಕಂದಿನಲ್ಲಿ ಬೇಲಿ ಸಾಲಿನಲ್ಲಿ ಅದನ್ನು ಮುಟ್ಟಿ ಸಗಣಿ ಬಳಿದುಕೊಂಡ ನೆನಪು ನಿಮಗೂ ಇರಬಹುದು.

ಆದರೂ ನಿಮ್ಮ ತಂದೆಯವರಿಗೆ ಈಗ ಕೊಡಬೇಡಿ. ಅವರ ಓಲಾಟ ಆಗುತ್ತಿರುವುದೇ ಲೆವೊಡೋಪ ಏರಿದಾಗ. ಅದರ ಮೇಲೆ ಅಳತೆ ತಿಳಿಯದ ಇನ್ನಷ್ಟು ಲೆವೊಡೋಪ ಸುರಿದಂತಾಗುತ್ತದೆ. ಇಲ್ಲದ್ದು ಕಾಣುವುದೂ ಹೆಚ್ಚಾಗಬಹುದು. ಒಂದು ಬಳ್ಳಿಯ ಬೀಜಕ್ಕೂ ಇನ್ನೊಂದರ ಬೀಜಕ್ಕೂ ಸತ್ವ ಒಂದೇ ಇರುವುದಿಲ್ಲ. ಕೊಟ್ಟೇ ಆಗಿದ್ದರೆ ವೈದ್ಯರಿಂದ ಮುಚ್ಚಿಡಬೇಡಿ, ಬೈಸಿಕೊಳ್ಳುತ್ತೇವೆ ಎಂದು ಹೆದರಬೇಡಿ.

ಊಟದ ವಿಷಯ ಎರಡೇ ಮಾತು. ಲೆವೊಡೋಪವನ್ನು ಊಟಕ್ಕೆ ಅರ್ಧದಿಂದ ಒಂದು ಗಂಟೆ ಮೊದಲು ಕೊಡಿ. ಮೀನು, ಮೊಟ್ಟೆ, ಬೇಳೆ, ಮೊಸರಿನ ಪ್ರೋಟೀನು ಕರುಳಿನಲ್ಲಿಯೂ ಮಿದುಳಿನ ಬಾಗಿಲಲ್ಲಿಯೂ ಲೆವೊಡೋಪದ ಜೊತೆ ನೂಕಾಡುತ್ತದೆ. ಎಲೆಅಡಿಕೆ ಹಾಕುತ್ತಿದ್ದರೆ ಅದನ್ನೂ ವೈದ್ಯರಿಗೆ ಹೇಳಿ. ಅಡಿಕೆಯಲ್ಲಿರುವ ಅರಿಕೊಲಿನ್, ಟ್ರೈಹೆಕ್ಸಿಫೆನಿಡಿಲ್ ಮಾಡುವ ಕೆಲಸಕ್ಕೆ ನೇರ ಎದುರಾದ ಕೆಲಸ ಮಾಡುತ್ತದೆ.

ಶಿವಮೊಗ್ಗಕ್ಕೆ ಬರುವ ಮೊದಲು ಮೂರು ದಿನ ಒಂದು ನೋಟ್‌ಬುಕ್ಕಿನಲ್ಲಿ ಹೊತ್ತು ಬರೆಯಿರಿ: ಗುಳಿಗೆ ನುಂಗಿದ್ದು, ಮೈ ಸಡಿಲವಾದದ್ದು, ಓಲಾಟ ಶುರುವಾದದ್ದು, ನಿಂತದ್ದು, ಮತ್ತೆ ಬಿಗಿದದ್ದು, ಮಕ್ಕಳು ಕಂಡದ್ದು. ಮನೆಯಲ್ಲಿರುವ ಎಲ್ಲ ಮಾತ್ರೆ, ಸಿರಪ್ಪು, ಪುಡಿಗಳನ್ನು ಒಂದೇ ಚೀಲದಲ್ಲಿ ತನ್ನಿ, ಖಾಲಿ ಹಾಳೆಗಳನ್ನೂ. ಓಲಾಟದ ಹೊತ್ತಿನಲ್ಲಿ ಮೊಬೈಲಿನಲ್ಲಿ ಎರಡು ನಿಮಿಷ ವಿಡಿಯೊ ಮಾಡಿ, ಏಕೆಂದರೆ ಆಸ್ಪತ್ರೆಯಲ್ಲಿ ಕಾಯುವಷ್ಟರಲ್ಲಿ ಅದು ನಿಂತುಹೋಗಿರುತ್ತದೆ. ಅಪ್ಪಯ್ಯನವರನ್ನು ಕೇಳಿಯೇ ಮಾಡಿ. ತಲೆಯಿಂದ ಪಾದದವರೆಗೆ ಕಾಣುವಂತೆ ಹಿಡಿಯಿರಿ. ಗುಳಿಗೆ ಏರುವಾಗ ಮತ್ತು ಇಳಿಯುವಾಗ ಬರುವ ಇನ್ನೊಂದು ಬಗೆಯ ಓಲಾಟ ಹೆಚ್ಚಾಗಿ ಕಾಲುಗಳಲ್ಲಿ ಕಾಣಿಸುತ್ತದೆ, ಅದಕ್ಕೆ ಚಿಕಿತ್ಸೆಯೂ ಬೇರೆ. ಹಾಗಾಗಿ ಚಪ್ಪಲಿ ತೆಗೆಸಿ, ಪಂಚೆಯನ್ನು ಮೊಣಕಾಲಿನವರೆಗೆ ಎತ್ತಿಕೊಳ್ಳಲು ಹೇಳಿ.